ಆಟಿಯಲ್ಲಿ ಒಣಗಿಸಿದ ಬೆಡ್‌ಶೀಟು

ಮೊನ್ನೆ ಬಂಟ್ವಾಳದಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿಯಬೇಕಾಯಿತು. ಮಳೆ ಬಿಡುವ ಲಕ್ಷಣ ಇರಲಿಲ್ಲ. ಹೊದೆಯಲು ಕೊಟ್ಟ ಬೆಡ್‌ಶೀಟು ಬಿಡಿಸಿದರೆ ಮೂಗಿಗೆ ಹೊಗೆ ವಾಸನೆ ಹೊಡೆಯಿತು. ಮನೆಯ ಸೊಸೆ ನಾಚಿಕೊಂಡು, "ಬಿಸಿಲೇ ಇಲ್ಲ ಟೀಚರ್, ಬಚ್ಚಲೊಲೆಯ ಮೇಲೆ ಒಣಗಿಸಿದ್ದು. ಬೇರೆ ಕೊಡ್ತೇನೆ" ಎಂದಳು. "ಇದೇ ಇರಲಿ" ಎಂದೆ. ದಾಕ್ಷಿಣ್ಯಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಳು, ಪಾಪ. ದಾಕ್ಷಿಣ್ಯ ನನ್ನ ಸ್ವಭಾವದಲ್ಲೇ ಇಲ್ಲ. ನನ್ನ ಕೈಯಲ್ಲಿ ಕಲಿತ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಆ ವಾಸನೆಯ ಹಿಂದೆಯೇ ನಾರಾವಿಯ ಒಂದು ಮಳೆಗಾಲ ಬಂದು ನನ್ನ ಪಕ್ಕದಲ್ಲಿ ಕೂತಿತ್ತು, ಅಷ್ಟೆ.

ನಾರಾವಿ ಪೇಟೆ ದಾಟಿ ಸ್ವಲ್ಪ ಮುಂದೆ, ರಸ್ತೆಯಿಂದ ಕೆಳಗೆ ಒಂದು ಟೆರೇಸಿನ ಮನೆ. ಗಲ್ಫಿನಲ್ಲಿದ್ದ ಯಾರೋ ಕಟ್ಟಿಸಿ, ವಾಸಕ್ಕೆ ಬಾರದೆ, ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟದ್ದು. ಆಸ್ಪತ್ರೆಯಲ್ಲಿ ಕುಡಿತವನ್ನೋ ಮಾತ್ರೆಯನ್ನೋ ಬಿಡಿಸಿಕೊಂಡ ಗಂಡಸರು ನೇರ ಊರಿಗೆ ಹೋದರೆ ಬಸ್ಸಿಳಿದ ಕೂಡಲೇ ಎದುರಿಗೆ ಸಿಕ್ಕಿದ ಬಾರಿಗೆ ನುಗ್ಗುತ್ತಾರೆ. ಹಾಗಾಗಿ ಕೆಲವು ತಿಂಗಳು ಇಲ್ಲಿ ಒಟ್ಟಿಗೆ ಇದ್ದು, ತಮ್ಮ ಅಡುಗೆ, ತಮ್ಮ ಬಟ್ಟೆ, ತಮ್ಮ ಕಸ ತಾವೇ ನೋಡಿಕೊಂಡು, ಕುಡಿಯದೆ ಒಂದು ದಿನವನ್ನು ಹೇಗೆ ತುಂಬಿಸುವುದೆಂದು ಅಭ್ಯಾಸ ಮಾಡಲಿ ಎಂಬುದು ಏರ್ಪಾಡು. ಗೇಟಿನ ಬೋರ್ಡಿನಲ್ಲಿ ಸೂರ್ಯೋದಯದ ಚಿತ್ರ. ಮಳೆಗೆ ಬಣ್ಣ ಹೋಗಿ ಅದು ಹುಟ್ಟುವ ಸೂರ್ಯನೋ ಮುಳುಗುವವನೋ ಹೇಳಲಾಗುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಹೊಲಿಗೆ ಮತ್ತು ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು. ಬೆಳ್ತಂಗಡಿಯ ಮನೆಯಲ್ಲಿ ಬೈಯಲು ಯಾರೂ ಉಳಿದಿರಲಿಲ್ಲ, ಹಾಗಾಗಿ ಅಲ್ಲಿದ್ದು ಇವರಿಗೆ ಮನೆಗೆಲಸ ಕಲಿಸಿ ಎಂದು ಟ್ರಸ್ಟಿನವರು ಕೇಳಿದಾಗ ಒಪ್ಪಿಕೊಂಡೆ. ನನ್ನ ಇಡೀ ಸರ್ವಿಸಿನಲ್ಲಿ ಗಂಡು ಹುಡುಗರಿಗೆ ನನ್ನ ಪಾಠ ಇರಲಿಲ್ಲ. ಹುಡುಗಿಯರು ಗುಂಡಿ ಹೊಲಿಯುವ ಪೀರಿಯಡ್ಡಿನಲ್ಲಿ ಅವರು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಆಡಿ, ಬೆಳೆದು, ಮದುವೆಯಾಗಿ, ಕುಡಿದು, ಕೊನೆಗೆ ನಾರಾವಿಗೆ ಬಂದರು.

ಮೊದಲ ದಿನ ಅಡುಗೆಮನೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಕುಚ್ಚಲಕ್ಕಿ ಬೇಯಿಸಲಿಕ್ಕೆ ಯಾರಿಗೆ ಬರ್ತದೆ?" ಎಂದು ಕೇಳಿದೆ. ಹುಟ್ಟಿದಾರಭ್ಯ ಅದನ್ನೇ ತಿಂದು ಹೊಟ್ಟೆ ಬೆಳೆಸಿದ ಗಂಡಸರು ನೆಲ ನೋಡಿದರು.

ಹಮೀದ್ ಎಂಬವರು ಗಡ್ಡ ಕೆರೆದುಕೊಂಡು, "ಅದು ನಮ್ಮ ಮನೆಯವಳಿಗೆ ಗೊತ್ತುಂಟು ಟೀಚರ್" ಎಂದರು. ದುಬೈಯಲ್ಲಿ ಅಂಗಡಿ ಇಟ್ಟಿದ್ದವರು. ಬೆನ್ನು ನೋವಿಗೆಂದು ಶುರು ಮಾಡಿದ ಮಾತ್ರೆ ಅವರನ್ನೇ ನುಂಗಿತ್ತು.

"ನಿಮ್ಮ ಮನೆಯವಳನ್ನು ಕರ್ಕೊಂಡು ಬಂದದ್ದಾ ಇಲ್ಲಿಗೆ?" ಎಂದೆ.

ಪಕ್ಕದಲ್ಲಿ ನಿಂತಿದ್ದ ಸುಧಾಕರ ಕಿಸಕ್ಕನೆ ನಕ್ಕ. ಮುಂಬಯಿಯಲ್ಲಿ ದೊಡ್ಡ ಹೋಟೆಲೊಂದರ ಮ್ಯಾನೇಜರ್ ಆಗಿದ್ದವನು ಅವನು. ನಲ್ವತ್ತು ದಾಟಿದ ಆಳು, ಒಳ್ಳೆಯ ಎತ್ತರ, ಮಾತಿನಲ್ಲಿ ಮಹಾರಾಜ. "ನನ್ನ ಕೈ ಕೆಳಗೆ ಅಡುಗೆಯವರ ಒಂದು ಸೈನ್ಯವೇ ಇತ್ತು ಟೀಚರ್" ಎಂದ. "ಹೌದಾ? ಹಾಗಾದರೆ ಗ್ಯಾಸ್ ಹೊತ್ತಿಸು" ಎಂದೆ. ಲೈಟರನ್ನು ಉಲ್ಟಾ ಹಿಡಿದ. ಸೈನ್ಯಾಧಿಪತಿ!

ಅವರೊಡನೆ ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ. ತುಳುವಿನಲ್ಲಿ ಬೈದರೆ ಅದು ಬೇಗ ಸಲಿಗೆಯಾಗಿಬಿಡುತ್ತದೆ; ಕನ್ನಡದಲ್ಲಿ ಬೈದರೆ ಶಾಲೆ ನೆನಪಾಗಿ ಬೆನ್ನು ನೆಟ್ಟಗಾಗುತ್ತದೆ. ನಿಯಮ ಒಂದೇ ಹಾಕಿದೆ: ಕೈಗೆ ಬಂದ ಪಾತ್ರೆಯನ್ನು ತೊಳೆದು ಕವುಚಿ ಹಾಕದೆ ಕೈ ಬಿಡಬಾರದು. ಚಾ ಕುಡಿದ ಲೋಟವಾಗಲಿ, ನೀರು ಕುಡಿದದ್ದಾಗಲಿ, ಬೇರೆಯವರು ಇಟ್ಟದ್ದನ್ನು ಸರಿಸಲು ಮುಟ್ಟಿದ್ದಾದರೂ ಸರಿ. ಮುಟ್ಟಿದೆಯಾ, ತೊಳಿ. ಶುರುವಿಗೆ ಅವರು ಏನನ್ನೂ ಮುಟ್ಟದೆ ಇರುವ ಉಪಾಯ ಮಾಡಿದರು. ಬಾಯಾರಿದರೆ ನಳ್ಳಿಗೆ ಬಾಯಿ ಕೊಟ್ಟು ಕುಡಿದರು. ಮಾಡಬೇಕಾದ ಕೆಲಸಕ್ಕಿಂತ ತಪ್ಪಿಸಿಕೊಳ್ಳುವ ಕೆಲಸಕ್ಕೆ ಗಂಡಸರು ಎಷ್ಟು ಬುದ್ಧಿ ಖರ್ಚು ಮಾಡುತ್ತಾರೆಂದು ನೋಡಿದರೆ ಕೈ ಮುಗಿಯಬೇಕು.

ಕೌನ್ಸೆಲಿಂಗಿಗೆ ನಿತಿನ್ ಎಂಬ ಹುಡುಗ ವಾರಕ್ಕೊಮ್ಮೆ ಬೈಕಿನಲ್ಲಿ ಬರುತ್ತಿದ್ದ. ಬಣ್ಣ ಬಣ್ಣದ ಪೆನ್ನು, ದೊಡ್ಡ ಚಾರ್ಟು, ಬಾಯಿ ತೆರೆದರೆ 'ಜರ್ನಿ'. ಎಲ್ಲಿಗೂ ಹೋಗಲಾಗದೆ ಬಿದ್ದುಕೊಂಡವರಿಗೆ ಎಂಥ ಜರ್ನಿಯೋ. ಕುಡಿಯಲು ಕರೆದರೆ ಹೇಗೆ ನಿರಾಕರಿಸುವುದೆಂದು ಅವನು ನಾಟಕ ಆಡಿಸುತ್ತಿದ್ದ. ಹಮೀದ್ ಕುಡುಕ ಗೆಳೆಯನಾಗಿ ಖಾಲಿ ಗ್ಲಾಸು ಹಿಡಿದು, "ಬಾ ಮಾರಾಯ, ಒಂದೇ ಒಂದು" ಎನ್ನಬೇಕು. ಸುಧಾಕರ ಕಣ್ಣಲ್ಲಿ ಕಣ್ಣಿಟ್ಟು, "ನೋ ಥ್ಯಾಂಕ್ಯೂ, ನಾನು ನನ್ನ ಬದುಕನ್ನು ಆರಿಸಿಕೊಂಡಿದ್ದೇನೆ" ಎನ್ನಬೇಕು. ಸುಧಾಕರ ಅದನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿಲಲ್ಲಿ ನಿಂತು, "ನಮ್ಮ ಊರಿನಲ್ಲಿ ಇಷ್ಟು ಮರ್ಯಾದೆಯಲ್ಲಿ ಯಾರು ಕುಡಿಲಿಕ್ಕೆ ಕರೆಯುವುದು?" ಎಂದೆ. ನಿತಿನ್ ನನ್ನನ್ನು ಕರುಣೆಯಿಂದ ನೋಡಿ, "ಪಾಸಿಟಿವ್ ಆಗಿರುವ, ಮೇಡಂ" ಎಂದ.

ಆಟಿ ಬಂತು. ತುಳುವರ ಆ ತಿಂಗಳಲ್ಲಿ ಆಕಾಶಕ್ಕೂ ನೆಲಕ್ಕೂ ನಡುವೆ ಜಾಗವೇ ಇರುವುದಿಲ್ಲ. ಗೋಡೆ ಬೆವರಿತು, ಉಪ್ಪು ನೀರಾಯಿತು, ಚಪ್ಪಲಿಗೆ ಬೂಸ್ಟು ಬಂತು. ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆ ಅರೆದು ಕಷಾಯ ಮಾಡಿದೆ. ವರ್ಷಕ್ಕೊಮ್ಮೆ ಎಲ್ಲರೂ ಕುಡಿಯುವ ಕಹಿ ಅದು. ಹತ್ತಾರು ಬಾರು ಖಾಲಿ ಮಾಡಿದ ಆ ಶೂರರು ಒಂದು ಸಣ್ಣ ಲೋಟ ಕಷಾಯಕ್ಕೆ ಮುಖ ಸಿಂಡರಿಸಿ, ಮೂಗು ಹಿಡಿದು, ಬೆಲ್ಲ ಕೇಳಿದರು. "ಸ್ಪಿರಿಟಿಗೆ ಬಣ್ಣ ಹಾಕಿದ್ದನ್ನು ಕುಡಿಯುವಾಗ ಬೆಲ್ಲ ಕೇಳಿದ್ದುಂಟಾ?" ಎಂದೆ. ಹಮೀದ್ ತಾವೂ ಒಂದು ಲೋಟ ಕುಡಿದು ವಾಂತಿ ಮಾಡಿದರು. ವಾಂತಿಯನ್ನೂ ಅವರಿಂದಲೇ ತೊಳೆಸಿದೆ.

ಆ ತಿಂಗಳ ಭೇಟಿಯ ಭಾನುವಾರ ಸುಧಾಕರನ ಅಕ್ಕ ಸರೋಜಕ್ಕ ನರಿಕೊಂಬಿನಿಂದ ಬಂದರು. ಕೈಯಲ್ಲಿ ಕೋಳಿ ಸುಕ್ಕದ ಡಬ್ಬಿ, ನೀರುದೋಸೆಯ ಕಟ್ಟು, ಹಿಂದೆ ಗಂಡ ಜಯರಾಮಣ್ಣ, ಅವರ ಹಿಂದೆ ಸುಧಾಕರನ ಮಗಳು ಶ್ರಾವ್ಯ. ಸುಧಾಕರನ ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನು ಆಸ್ಪತ್ರೆ ಸೇರಿದ ಮೇಲೆ ಹುಡುಗಿ ಅತ್ತೆ ಮನೆಯಲ್ಲಿದ್ದುಕೊಂಡು ಮೂಡುಬಿದಿರೆಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪನಿಂದ ದೂರ, ಕಂಬಕ್ಕೆ ಒರಗಿ ನಿಂತಳು.

ಸರೋಜಕ್ಕ ತಮ್ಮನ ತಲೆ ಸವರಿ, ಕಣ್ಣೊರೆಸಿ, ಕೋಣೆಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಉಬ್ಬಿದ ಒಂದು ಚೀಲ.

"ಅದೆಂತ?" ಎಂದೆ.

"ಇವನ ಬಟ್ಟೆ, ಬೆಡ್‌ಶೀಟು. ಮನೆಯಲ್ಲಿ ಒಗೆದು ಕಳಿಸ್ತೇನೆ. ಹೋದ ಸಲವೂ ನಾನೇ ಕೊಂಡುಹೋದದ್ದು."

ನನ್ನ ನೆತ್ತಿಗೇರಿತು. ಹೋದ ಸಲವೂ! ಈ ಮಹಾರಾಜ ನನ್ನೆದುರು ಬಾಲ್ದಿಯಲ್ಲಿ ನೀರು ಕಲಕಿ, ನೊರೆ ತೋರಿಸಿ, ಬಟ್ಟೆಯನ್ನು ಮಂಚದಡಿ ತುರುಕುತ್ತಿದ್ದನೆಂದು ಆಗ ಗೊತ್ತಾಯಿತು. ಚೀಲ ಕಸಿದುಕೊಂಡೆ.

"ಗಂಡಸು ಬಟ್ಟೆ ಒಗೆಯುವುದು ನಂಗೆ ನೋಡ್ಲಿಕ್ಕೆ ಆಗುದಿಲ್ಲ ಟೀಚರ್" ಎಂದು ಸರೋಜಕ್ಕ ಅತ್ತರು.

"ಹಾಗಾದರೆ ಕಣ್ಣು ಮುಚ್ಚಿಕೊಳ್ಳಿ" ಎಂದೆ.

ಜಯರಾಮಣ್ಣ ಮೊಬೈಲಿನಿಂದ ತಲೆಯೆತ್ತದೆ, "ಒಂದು ಬೆಡ್‌ಶೀಟಿಗೆ ಎಷ್ಟು ಗಲಾಟೆ ಮಾರಾಯ್ರೆ" ಎಂದರು. ತಾವು ಉಟ್ಟ ಪಂಚೆ ಯಾರು ಒಗೆದದ್ದೆಂದು ಆ ಮನುಷ್ಯ ಜನ್ಮದಲ್ಲಿ ಯೋಚಿಸಿರಲಿಕ್ಕಿಲ್ಲ.

ನಾನು ಚೀಲ ಹಿಡಿದು ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಹೋದರೆ ಹುಡುಗಿ ಹಿಂದೆಯೇ ಬಂದಳು. ಮಾಡಿನ ಕೆಳಗೆ ನಿಂತು, ಮಳೆಯ ಸದ್ದಿನಲ್ಲಿ, ನೇರವಾಗಿ ಹೇಳಿದಳು: "ಟೀಚರ್, ಅಪ್ಪನಿಗೆ ಮೂಡುಬಿದಿರೆಯಲ್ಲಿ ಹಾಸ್ಟೆಲ್ ಮೆಸ್ಸಿನಲ್ಲಿ ಕೆಲಸ ಸಿಗ್ತದಂತೆ. ರೂಮು ಮಾಡ್ತೇನೆ, ನೀನೂ ಬಾ ಅಂತ ಹೇಳ್ತಾರೆ. ನಾನು ಆರನೇ ಕ್ಲಾಸಿನಿಂದ ಅವರ ಬೆಡ್‌ಶೀಟು ಒಗೆದಿದ್ದೇನೆ. ಅದರಲ್ಲಿ ಎಂತೆಂತ ಇರ್ತಿತ್ತು ಅಂತ ನಿಮಗೆ ಹೇಳುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೂಸಿ ನೋಡ್ತಿದ್ದೆ. ವಾಸನೆಯಲ್ಲೇ ಗೊತ್ತಾಗ್ತಿತ್ತು ಇವತ್ತು ಶಾಲೆಗೆ ಹೋಗ್ಲಿಕ್ಕೆ ಆಗ್ತದಾ ಇಲ್ವಾ ಅಂತ. ಇನ್ನು ನಂಗೆ ಆಗುದಿಲ್ಲ. ಅವರದ್ದು ಅವರೇ ಒಗೆಯುವ ಹಾಗೆ ಆದರೆ ಮಾತ್ರ ಬರ್ತೇನೆ. ಇಲ್ಲಾಂದ್ರೆ ಅತ್ತೆ ಮನೆಯಲ್ಲೇ ಇರ್ತೇನೆ."

"ಇದನ್ನು ಅವನಿಗೆ ಹೇಳಿದ್ದೀಯಾ?"

"ಹೇಳಿದ್ರೆ ಅಳ್ತಾರೆ. ಅತ್ತರೆ ನಾನೇ ಸಮಾಧಾನ ಮಾಡ್ಬೇಕು."

ಅಪ್ಪನಾದವನ ಮೇಲೆ ನನಗೆ ಹುಟ್ಟಿದ ತಾತ್ಸಾರಕ್ಕೆ ಆ ದಿನ ಮಿತಿ ಇರಲಿಲ್ಲ. ಅವರು ಹೋದ ಮೇಲೆ ಸುಧಾಕರನನ್ನು ಕಲ್ಲಿನ ಹತ್ತಿರ ನಿಲ್ಲಿಸಿ ಮಗಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನ ಬಾಯಿ ವಕ್ರವಾಯಿತು. "ಅಳಬೇಡ" ಎಂದೆ. "ಅಳುವುದು ನಿನಗೆ ಚೆನ್ನಾಗಿ ಬರ್ತದೆ, ಅದನ್ನು ಕಲಿಸಬೇಕಾಗಿಲ್ಲ. ಬಾಲ್ದಿ ತೆಗಿ."

ಅವನು ಮಂಕಾಗಿ ಬಾಲ್ದಿ ತೆಗೆದ. ಸೋಪಿನ ಪುಡಿ ಇಡೀ ಪ್ಯಾಕೆಟ್ ಸುರಿದ. ನೊರೆ ಬಾಲ್ದಿ ದಾಟಿ ಅಂಗಳಕ್ಕೆ ಹರಿಯಿತು. ಬೆಡ್‌ಶೀಟಿನ ನಡುವೆ ಹಿಡಿದು ಹಿಂಡಿದ. ಅಂಚುಗಳಲ್ಲಿ ನೀರು ಹಾಗೆಯೇ ಉಳಿಯಿತು. ಒಬ್ಬನೇ ಹಿಂಡುವ ಕ್ರಮವನ್ನು ತೋರಿಸಿಕೊಟ್ಟೆ: ಕಂಬಕ್ಕೆ ಒಂದು ಸುತ್ತು ಹಾಕಿ, ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ತಿರುಚುವುದು. ತಿರುಚುವಾಗ ಅವನ ಕೈ ನಡುಗುತ್ತಿತ್ತು. "ನಡುಗಿದರೆ ನಡುಗಲಿ, ಬಿಡಬೇಡ" ಎಂದೆ. ಬಿಡಲಿಲ್ಲ.

ಒಣಗಿಸುವುದು ಅದಕ್ಕಿಂತ ದೊಡ್ಡ ಕಷ್ಟ. ಆಟಿಯಲ್ಲಿ ಬಿಸಿಲನ್ನು ಕಾಯುವವನು ಒದ್ದೆಯಲ್ಲೇ ಮಲಗಬೇಕು. ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಒಲೆಯ ಮೇಲೆ ಅಡ್ಡಕ್ಕೆ ಬಿದಿರು ಕಟ್ಟಿದ್ದೆವು. ಬೆಂಕಿ ಸಣ್ಣದಾಗಿಟ್ಟು, ಬಟ್ಟೆಯನ್ನು ಆಗಾಗ ಮಗುಚುತ್ತ, ಹತ್ತಿರವೇ ಕೂತಿರಬೇಕು. ಎದ್ದು ಹೋಗುವ ಹಾಗಿಲ್ಲ. ಸುಧಾಕರ ಎದ್ದು ಹೋದ. ಹಮೀದರೊಡನೆ ಹರಟೆಗೆ ಕೂತು ಮುಂಬಯಿಯ ಕಥೆ ಬಿಡುತ್ತಿದ್ದಾಗ ಸುಟ್ಟ ವಾಸನೆ ಬಂತು. ಬೆಡ್‌ಶೀಟಿನ ಒಂದು ಮೂಲೆಯಲ್ಲಿ ಅಂಗೈಯಗಲದ ತೂತು. ಅದನ್ನು ಮಡಚಿ, ತೂತು ಒಳಗೆ ಬರುವ ಹಾಗೆ ಕಪಾಟಿನಲ್ಲಿ ಇಟ್ಟ. ನಲ್ವತ್ತು ದಾಟಿದವನು! ಮೂರನೇ ಕ್ಲಾಸಿನ ಮಕ್ಕಳು ಹರಿದ ಚೀಲ ಅಡಗಿಸಿದ ಹಾಗೆ.

ತೆಗೆದು ಅವನ ಮುಂದೆ ಎಸೆದೆ. ಸೂಜಿ, ನೂಲು, ಹಳೆಯ ಬಟ್ಟೆಯ ತುಂಡು ಕೊಟ್ಟೆ.

"ಹೊಸದು ತೆಕೊಳ್ಳುವ, ಟೀಚರ್" ಎಂದ.

"ತೂತು ಮಾಡಿದ್ದಕ್ಕೆಲ್ಲ ಹೊಸದು ತಂದೇ ಇಲ್ಲಿಗೆ ಬಂದದ್ದು ನೀನು. ಹೊಲಿ."

ಸೂಜಿಗೆ ನೂಲು ಪೋಣಿಸಲು ಅವನಿಗೂ ಹಮೀದರಿಗೂ ಸೇರಿ ಒಂದು ಬೆಳಗ್ಗೆ ಬೇಕಾಯಿತು. ಒಬ್ಬರು ಸೂಜಿ ಹಿಡಿದರೆ ಇನ್ನೊಬ್ಬರು ನೂಲು, ಇಬ್ಬರ ಕೈಯೂ ನಡುಗುವುದು. ನೋಡಿ ನಗು ತಡೆಯಲಾಗದೆ ಒಳಗೆ ಹೋದೆ. ಕೊನೆಗೆ ಅವನು ಹಾಕಿದ ತೇಪೆ ಸೊಟ್ಟಗೆ, ದಪ್ಪಗೆ, ನೋಡುವ ಕಣ್ಣಿಗೆ ಶಿಕ್ಷೆಯಾಗಿತ್ತು. ನನ್ನ ಎಂಟನೇ ಕ್ಲಾಸಿನ ಹುಡುಗಿ ಹಾಗೆ ಹೊಲಿದಿದ್ದರೆ ಬಿಚ್ಚಿಸುತ್ತಿದ್ದೆ. ಅವನದ್ದನ್ನು ಬಿಚ್ಚಿಸಲಿಲ್ಲ.

ಅಲ್ಲಿಂದ ಮೇಲೆ ಪ್ರತಿ ವಾರ ಅವನು ಒಲೆಯ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಬೆಡ್‌ಶೀಟು ಒಣಗಿಸಿದ. ಮಾತು ಕಡಿಮೆಯಾಯಿತು. ಗಂಜಿ ಬೇಯಿಸಿದ, ಒಮ್ಮೆ ತಳ ಹಿಡಿಸಿದ, ಇನ್ನೊಮ್ಮೆ ಹಿಡಿಸಲಿಲ್ಲ. ಹಮೀದ್ ಪೇಟೆಗೆ ಹೋಗಿ ಬಂಗುಡೆ ತರುವುದನ್ನು ವಹಿಸಿಕೊಂಡರು. ಮೆಡಿಕಲ್ ಶಾಪಿನ ಎದುರು ನಡೆಯದೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದರು, ಮೀನು ಅಷ್ಟರಲ್ಲಿ ಮೆತ್ತಗಾಗುತ್ತಿತ್ತು. ಮೆತ್ತಗಿನ ಮೀನನ್ನೇ ತಿಂದೆವು. ಟ್ರಸ್ಟಿನ ಅಧ್ಯಕ್ಷರು ಒಂದು ದಿನ ಬಂದು ಇವರೆಲ್ಲ ಪೊರಕೆ ಹಿಡಿದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರು. ಪೊರಕೆ ಹಿಡಿದ ಗಂಡಸು ಫೋಟೋಕ್ಕೆ ಯೋಗ್ಯ. ಹೆಂಗಸಿಗೆ ಆ ಭಾಗ್ಯ ಎಲ್ಲಿಂದ ಬರಬೇಕು.

ಆಟಿ ಕಳೆದು ಸೋಣ ತಿಂಗಳು ಹುಟ್ಟಿತು. ಸುಧಾಕರ ಮನೆ ಬಿಡುವ ದಿನ ಹತ್ತಿರ ಬಂತು. ಆಗ ಸರೋಜಕ್ಕನ ಫೋನು ಬಂತು. ಸುಧಾಕರ ಕುಡಿತ ಬಿಟ್ಟರೆ ನಮ್ಮ ಕಡೆಯ ದೈವ ಕೊರಗಜ್ಜನಿಗೆ ಒಂದು ಬಾಟಲಿ ಸಾರಾಯಿ ಇಡುತ್ತೇನೆಂದು ಹರಕೆ ಹೊತ್ತಿದ್ದಾರಂತೆ. ಅಜ್ಜ ನಡೆಸಿಕೊಟ್ಟರಂತೆ. ಈಗ ತಮ್ಮನೇ ಬಂದು ತನ್ನ ಕೈಯಾರೆ ಇಡಬೇಕಂತೆ.

ಅಜ್ಜನ ಮೇಲೆ ನನಗೆ ತಕರಾರಿಲ್ಲ. ಬಳೆ ಕಳೆದಾಗ ಚಕ್ಕುಲಿ, ವೀಳ್ಯ ಹರಸಿಕೊಂಡವಳು ನಾನೂ. ಬಳೆ ಸಿಕ್ಕಿದ್ದೂ ಹೌದು. ಅಜ್ಜನಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಆಸ್ಪತ್ರೆಯಿಂದ ಈಚೆಗೆ ಬಂದವನ ಕೈಗೆ ಆ ಬಾಟಲಿಯನ್ನು ಕೊಡುವ ಬುದ್ಧಿ ಇದೆಯಲ್ಲ, ಅದು ಪ್ರೀತಿಯಿಂದ ಕೊಳೆತ ತಲೆಗಳಿಗೆ ಮಾತ್ರ ಹೊಳೆಯುವಂಥದ್ದು.

"ನಿಮ್ಮ ಗಂಡ ಇಡಲಿ" ಎಂದೆ.

"ಅವರು ಕುಡಿತ ಬಿಡಲಿಲ್ಲ ಅಲ್ವಾ ಟೀಚರ್" ಎಂದರು ಸರೋಜಕ್ಕ, ಬಹಳ ನಿರ್ಮಲವಾಗಿ.

ನಿತಿನನನ್ನು ಕೇಳಿದರೆ, "ಫೇಸ್ ಮಾಡ್ಲಿ ಮೇಡಂ, ಹಿ ಈಸ್ ರೆಡಿ" ಎಂದ. ಅವನು ಹೇಗೂ ಬರುವವನಲ್ಲ, ಧೈರ್ಯಕ್ಕೇನು. ಕೊಡೆ ತೆಗೆದುಕೊಂಡು ನಾನೇ ಸುಧಾಕರನ ಜೊತೆ ಬಸ್ಸು ಹತ್ತಿದೆ.

ನರಿಕೊಂಬಿನ ಮನೆಯ ಕಾಂಪೌಂಡಿನ ಮೂಲೆಯಲ್ಲಿ ಅಜ್ಜನ ಸಣ್ಣ ಕಟ್ಟೆ. ಮಧ್ಯಾಹ್ನದ ಹೊತ್ತು, ಮಳೆ ಬಿಟ್ಟಿತ್ತು. ಗಂಡಸರು ಕಟ್ಟೆಯ ಹತ್ತಿರ, ನಾವು ಹೆಂಗಸರು ಜಗಲಿಯಲ್ಲಿ. ಸುಧಾಕರ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟ, ಚಕ್ಕುಲಿ ಇಟ್ಟ, ವೀಳ್ಯ ಇಟ್ಟ, ಕೈಮುಗಿದು ಹಿಂದೆ ಸರಿದ. ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುವುದು?

ಜಯರಾಮಣ್ಣ ಬಾಟಲಿ ತಂದು ಜಗಲಿಯಲ್ಲಿ ಕೂತರು. ಪ್ರಸಾದವಲ್ಲವೇ, ಹಂಚಬೇಕಲ್ಲ. ತಮಗೊಂದು ಲೋಟ, ನೆರೆಮನೆಯವರಿಗೊಂದು. ಮೂರನೆಯದಕ್ಕೆ ಸ್ವಲ್ಪವೇ ಸ್ವಲ್ಪ ಹೊಯ್ದು ಸುಧಾಕರನ ಕೈಗೆ ಇಟ್ಟರು.

"ಬೇಡ ಭಾವ" ಎಂದ ಸುಧಾಕರ.

"ಕುಡಿಲಿಕ್ಕೆ ಕೊಟ್ಟದ್ದಲ್ಲ ಮಾರಾಯ. ಪ್ರಸಾದ. ತುಟಿಗೆ ತಾಗಿಸು, ಸಾಕು. ಅಜ್ಜನದ್ದಕ್ಕೆ ಯಾರಾದ್ರೂ ಬೇಡ ಅನ್ತಾರಾ?"

ಸರೋಜಕ್ಕ ಸಹ, "ಒಂದು ಹನಿ ಅಷ್ಟೇ ಮಗಾ, ಹರಕೆ ಪೂರ್ತಿ ಆಗ್ಲಿ" ಎಂದರು. ಯಾವ ತಮ್ಮನಿಗಾಗಿ ಊರಿಡೀ ಹರಕೆ ಹೊತ್ತರೋ ಅವನಿಗೇ!

ಸುಧಾಕರನ 'ನೋ ಥ್ಯಾಂಕ್ಯೂ' ಎಲ್ಲಿ ಹೋಯಿತೋ. ದೇವರ ಹೆಸರು ಹೇಳಿ ಕೊಟ್ಟದ್ದಕ್ಕೆ ನೋ ಥ್ಯಾಂಕ್ಯೂ ಹೇಳುವ ಚಾರ್ಟು ಯಾರ ಹತ್ತಿರವೂ ಇರಲಿಲ್ಲ. ಲೋಟ ಅವನ ಕೈಯಲ್ಲಿತ್ತು. ವಾಸನೆ ನನ್ನವರೆಗೂ ಬರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಶ್ರಾವ್ಯ ನಿಂತಿದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಎಷ್ಟೋ ಸಲ ನೋಡಿದ್ದನ್ನು ಮತ್ತೊಮ್ಮೆ ನೋಡಲು ತಯಾರಾದವಳ ಹಾಗೆ ನಿಂತಿದ್ದಳು.

ಸುಧಾಕರ ಲೋಟ ನೋಡಿದ. ಆಮೇಲೆ ಜಗಲಿ ಇಳಿದು ಬಾವಿಕಟ್ಟೆಯ ಕಡೆ ನಡೆದ. ಲೋಟದಲ್ಲಿದ್ದದ್ದನ್ನು ತೆಂಗಿನ ಬುಡಕ್ಕೆ ಹೊಯ್ದ. ಅಲ್ಲೇ ಇದ್ದ ತೆಂಗಿನ ನಾರು ತೆಗೆದು, ಬೂದಿ ಮುಟ್ಟಿಸಿ, ತಿಕ್ಕಿದ. ಒಮ್ಮೆ ಕೈಜಾರಿ ಲೋಟ ಕಲ್ಲಿಗೆ ಬಡಿದು ಠಣ್ ಎಂದಿತು. ಹೆಕ್ಕಿ ಮತ್ತೆ ತಿಕ್ಕಿದ. ಒಳಗೆ, ಹೊರಗೆ, ಅಂಚು, ತಳ. ಸಾಕು ಮಾರಾಯ, ಲೋಟ ಸವೆದೀತು ಎಂದು ನನಗೇ ಅನಿಸುವಷ್ಟು ತಿಕ್ಕಿ, ತೊಳೆದು, ಹಲಗೆಯ ಮೇಲೆ ಕವುಚಿ ಹಾಕಿದ.

ಜಯರಾಮಣ್ಣ ಎದ್ದು ನಿಂತು ಬೊಬ್ಬೆ ಹೊಡೆದರು. "ಪ್ರಸಾದ ಚೆಲ್ಲಿದೆಯಲ್ಲ! ಅಜ್ಜ ಬಿಡ್ತಾರಾ ನಿನ್ನನ್ನು?"

"ನಾನು ಬಿಟ್ಟೆ ಅಂತ ಅಲ್ವಾ ಭಾವ ಹರಕೆ?" ಎಂದ ಸುಧಾಕರ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಈಗ ಕುಡಿದ್ರೆ ಅಜ್ಜನ ಹತ್ರ ಸುಳ್ಳು ಹೇಳಿದ ಹಾಗೆ ಆಗ್ತದೆ. ಅವರದ್ದು ಅವರಿಗೆ ಇಟ್ಟಾಯ್ತು."

"ಮಾತು ಕಲಿತದ್ದು ನೋಡು. ಇನ್ನು ಹುಡುಗಿಯನ್ನು ಕಳಿಸುವ ಪ್ರಶ್ನೆಯೇ ಇಲ್ಲ. ಇಲ್ಲೇ ಇರ್ತಾಳೆ ಅವಳು."

ಸರೋಜಕ್ಕ ಸೆರಗು ಬಾಯಿಗಿಟ್ಟು ಅಳುತ್ತಿದ್ದರು; ತಮ್ಮ ಉಳಿದದ್ದಕ್ಕೋ ಪ್ರಸಾದ ಹೋದದ್ದಕ್ಕೋ ಅವರಿಗೇ ಗೊತ್ತಿರಲಿಲ್ಲ. ಸುಧಾಕರ ಮಗಳ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಊಟ ಮಾಡದೆ ಇಬ್ಬರೂ ಹೊರಟು ಬಂದೆವು.

ಬಂಟ್ವಾಳದ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ನಿಂತುಬಿಟ್ಟ. ಎದುರಿಗೆ ಬಾರಿನ ಬೋರ್ಡು. "ಟೀಚರ್, ನನ್ನ ಕೈ ಸ್ವಲ್ಪ ಹಿಡ್ಕೊಳ್ಳಿ" ಎಂದ. ನಾನು ಈ ವಯಸ್ಸಿನಲ್ಲಿ ಬಂಟ್ವಾಳ ಪೇಟೆಯಲ್ಲಿ ಗಂಡಸಿನ ಕೈ ಹಿಡಿದು ನಿಲ್ಲಬೇಕೇ? ಅಂಗಡಿಯಿಂದ ಒಂದಷ್ಟು ತೆಂಗಿನಕಾಯಿ ಕೊಂಡು ಚೀಲಕ್ಕೆ ತುಂಬಿಸಿ ಅವನ ಒಂದು ಕೈಗೆ ಕೊಟ್ಟೆ. ಇನ್ನೊಂದು ಕೈಗೆ ನನ್ನ ಕೊಡೆ, ಬ್ಯಾಗು. "ಎರಡು ಕೈಯೂ ತುಂಬಿತಾ? ಇನ್ನು ನಡಿ" ಎಂದೆ. ಬಸ್ಸು ಬರುವವರೆಗೂ ಅವನು ಆ ಭಾರ ಕೆಳಗಿಡಲಿಲ್ಲ. ಆ ತೆಂಗಿನಕಾಯಿ ನನಗೆ ಬೇಕಾಗಿರಲಿಲ್ಲ.

ಸ್ವಲ್ಪ ದಿನ ಕಳೆದು ಅವನು ಮೂಡುಬಿದಿರೆಗೆ ಹೋದ. ಹಳೆಯ ಹೆಂಚಿನ ಮನೆಯ ಒಂದು ಪಾಲು, ಒಂದು ಕೋಣೆ, ಅಡುಗೆಗೊಂದು ಮೂಲೆ, ಹೊರಗೆ ಬಚ್ಚಲು. ಒಂದು ಭಾನುವಾರ ಫೋನು ಮಾಡಿದ. "ಶ್ರಾವ್ಯ ಬರ್ತೇನೆ ಅಂದಿದ್ದಾಳೆ. ನೋಡಿ ಹೋಗ್ಲಿಕ್ಕೆ ಅಂತೆ. ನೀವೂ ಬನ್ನಿ ಟೀಚರ್, ನಂಗೆ ಹೆದರಿಕೆ ಆಗ್ತದೆ." ಮುಂಬಯಿಯ ಸೈನ್ಯಾಧಿಪತಿಗೆ ಹದಿನಾರರ ಹುಡುಗಿಯ ಹೆದರಿಕೆ. ಹೋದೆ.

ಹೋದವಳೇ ಕಿಟಕಿಯ ಸರಳಿಗೆ ಬೆರಳಾಡಿಸಿ ಧೂಳು ತೋರಿಸಿದೆ. ಸೌಟು ಸಿಕ್ಕಿಸಲು ಮೊಳೆ ಇಲ್ಲದ್ದಕ್ಕೆ ಬೈದೆ. ಸಾರಿಗೆ ಹುಳಿ ಹೆಚ್ಚಾಗಿತ್ತು. ಅವನು ಎಲ್ಲದಕ್ಕೂ "ಹೌದು ಟೀಚರ್" ಎನ್ನುತ್ತ ಬಾಗಿಲನ್ನೇ ನೋಡುತ್ತಿದ್ದ.

ಹುಡುಗಿ ಬಂದಳು. ಕೊಡೆ ಮಡಚಿದಳು, ಭುಜದ ಬ್ಯಾಗನ್ನು ಇಳಿಸಲಿಲ್ಲ. ಅಪ್ಪನನ್ನು ಮಾತಾಡಿಸದೆ, ಅಡುಗೆ ಏನೆಂದು ಕೇಳದೆ, ನೇರ ಮಂಚದ ಹತ್ತಿರ ಹೋದಳು. ಹಾಸಿದ್ದ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಒತ್ತಿ ಹಿಡಿದಳು. ಸುಧಾಕರ ಒಲೆಯ ಹತ್ತಿರ ಕೈಯಲ್ಲಿದ್ದ ಲೋಟ ಹಿಡಿದುಕೊಂಡೇ ನಿಂತಿದ್ದ.

"ಹೊಗೆ ವಾಸನೆ ಬರ್ತದೆ" ಎಂದಳು.

"ಬಿಸಿಲು ಇರ್ಲಿಲ್ಲ ಮಗಾ..." ಎಂದು ಅವನು ಶುರು ಮಾಡಿದ. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

"ಹೊಗೆ ಮಾತ್ರವಾ?" ಎಂದು ನಾನು ಕೇಳಿದೆ. "ಸರಿಯಾಗಿ ನೋಡು."

ಅವಳು ಇನ್ನೊಂದು ಮೂಲೆ ಎತ್ತಿದಳು, ಆ ಸೊಟ್ಟ ತೇಪೆಯ ಮೂಲೆ. ಅದನ್ನು ಬೆರಳಿನಲ್ಲಿ ಸವರಿ, ಮುಖಕ್ಕೆ ಒತ್ತಿ, ಬಹಳ ಹೊತ್ತು ಮೂಸಿದಳು.

"ಹೊಗೆ ಮಾತ್ರ" ಎಂದಳು, ಮತ್ತು ಭುಜದ ಬ್ಯಾಗನ್ನು ತೆಗೆದು ಮಂಚದ ಮೇಲೆ ಇಟ್ಟಳು.